ನೆಲದಡಿಯ ನಿಲ್ದಾಣಕ್ಕೆ ಬಾಯಿ ಎಲ್ಲಿಡೋದು?

ಸಂಜೆ ಆರೂವರೆ ಹೊತ್ತು, ಬೆಂಗಳೂರಿನ ಮೆಜೆಸ್ಟಿಕ್. ನಮ್ಮ ಮೆಟ್ರೋದ ಹಸಿರು ಮಾರ್ಗದ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬರು ತಾತ, ಅವರ ಬೆರಳು ಹಿಡಿದು ಮೊಮ್ಮಗ. ಇದ್ದಕ್ಕಿದ್ದ ಹಾಗೆ ಮುಖಕ್ಕೆ ಗಾಳಿ ಬಡಿಯಿತು. "ಬಂತು ನೋಡೋ ರೈಲು" ಅಂದರು ತಾತ. ಹುಡುಗ ತಲೆ ಎತ್ತಿ ಬೋರ್ಡ್ ನೋಡಿ, "ಇಲ್ಲ ತಾತಾ, ಇನ್ನೂ ಒಂದು ನಿಮಿಷ ಅಂತ ತೋರಿಸ್ತಿದೆ" ಅಂದ. ಮಾತು ಮುಗಿಯುವಷ್ಟರಲ್ಲಿ ಸುರಂಗದೊಳಗಿಂದ ದೀಪ ಕಾಣಿಸಿತು. ಬೋರ್ಡ್ ಸೋತಿತು, ತಾತ ಗೆದ್ದರು.

ಸೈಕಲ್ ಪಂಪಿನಲ್ಲಿ ದಂಡ ಒತ್ತಿದರೆ ಗಾಳಿ ಮುಂದಕ್ಕೆ ನುಗ್ಗುತ್ತದಲ್ಲ, ಇದೂ ಅದೇ. ಸುರಂಗ ಕೊಳವೆ, ರೈಲು ದಂಡ. ರೈಲು ತನ್ನ ಮುಂದಿನ ಗಾಳಿಯನ್ನು ತಳ್ಳಿಕೊಂಡೇ ಬರುತ್ತದೆ, ಆ ಗಾಳಿ ಎಲ್ಲಾದರೂ ಹೊರಗೆ ಹೋಗಲೇಬೇಕು. ಅದಕ್ಕೆ ದಾರಿ ಮಾಡಿಕೊಡದಿದ್ದರೆ ಅದು ಜನ ನಿಂತ ಕಡೆಗೇ ಬರುತ್ತದೆ. ರಸ್ತೆ ಬದಿಯಲ್ಲಿ, ಪಾರ್ಕಿನ ಮೂಲೆಯಲ್ಲಿ ಕಬ್ಬಿಣದ ಜಾಲರಿ ಹಾಕಿದ ದೊಡ್ಡ ಕಾಂಕ್ರೀಟ್ ಡಬ್ಬಗಳು ಕಾಣುತ್ತವಲ್ಲ, ಏನೋ ಕರೆಂಟಿನ ವ್ಯವಸ್ಥೆ ಇರಬೇಕು ಅಂತ ದಾಟಿ ಹೋಗುತ್ತೇವಲ್ಲ, ಅವು ನಿಲ್ದಾಣದ ಮೂಗು. ಉಸಿರಾಡುವುದು ಅಲ್ಲಿಂದ. ಇನ್ನು ನಾವು ಇಳಿಯುವ, ಹತ್ತುವ ದ್ವಾರಗಳು ಅದರ ಬಾಯಿ.

ಈ ಲೇಖನ ಆ ಬಾಯಿಯ ಬಗ್ಗೆ. ಯಾಕಂದ್ರೆ ನೆಲದಡಿಯ ಮೆಟ್ರೋ ಅಂದ ಕೂಡಲೇ ನಾವೆಲ್ಲ ಮಾತಾಡುವುದು ಸುರಂಗದ ಬಗ್ಗೆ. ಸುರಂಗ ಕೊರೆಯುವ ಯಂತ್ರಕ್ಕೆ ಹೆಸರಿಡುತ್ತೇವೆ, ಪೂಜೆ ಮಾಡುತ್ತೇವೆ, ಅದು ಗೋಡೆ ಒಡೆದು ಹೊರಬಂದಾಗ ಚಪ್ಪಾಳೆ ತಟ್ಟಿ ಫೋಟೋ ತೆಗೆಯುತ್ತೇವೆ. ತಪ್ಪಲ್ಲ, ನೋಡೋಕೆ ಚೆನ್ನಾಗಿಯೇ ಇರುತ್ತದೆ. ಆದರೆ ಒಂದು ನಿಲ್ದಾಣ ಜನರಿಗೆ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ಬಹುಪಾಲು ತೀರ್ಮಾನವಾಗುವುದು ನೆಲದ ಮೇಲೆ, ಅದರ ಬಾಯಿ ಎಲ್ಲಿ ತೆರೆದುಕೊಳ್ಳುತ್ತದೆ ಅನ್ನುವುದರಲ್ಲಿ. ನೀರು ನುಗ್ಗುವುದೂ ಅಲ್ಲಿಂದಲೇ. ಜಾಗದ ಜಗಳ ಶುರುವಾಗುವುದೂ ಅಲ್ಲೇ.

ಮೊದಲು ಮೆಜೆಸ್ಟಿಕ್ಕನ್ನೇ ನೋಡೋಣ. ಕಾಗದದಲ್ಲಿ ಇದರ ಹೆಸರು ನಾಡಪ್ರಭು ಕೆಂಪೇಗೌಡ ನಿಲ್ದಾಣ, ಬಾಯಲ್ಲಿ ಮಾತ್ರ ಯಾವತ್ತೂ ಮೆಜೆಸ್ಟಿಕ್. ಅದೂ ಒಂದು ಕಾಲದ ಟಾಕೀಸಿನ ಹೆಸರು. ಟಾಕೀಸು ಹೋಯಿತು, ಹೆಸರು ಉಳಿಯಿತು. ಅದಕ್ಕೂ ಮುಂಚೆ ಇಲ್ಲಿದ್ದದ್ದು ಧರ್ಮಾಂಬುಧಿ ಕೆರೆ. ಹಳೇ ಪೇಟೆಗೆ ನೀರು ಕೊಡುತ್ತಿದ್ದ ಕೆರೆ ಅದು, ಅಣ್ಣಮ್ಮನ ಗುಡಿ ಇದ್ದದ್ದು ಅದರ ದಡದಲ್ಲಿ. ಕೆರೆ ಬತ್ತಿತು, ಮೈದಾನವಾಯಿತು, ಆಮೇಲೆ ಬಸ್ ನಿಲ್ದಾಣವಾಯಿತು. ಈಗ ಬಸ್ ನಿಲ್ದಾಣದ ಮಗ್ಗುಲಲ್ಲೇ, ಹಳೇ ಕೆರೆಯಂಗಳದ ಹೊಟ್ಟೆಯೊಳಗೆ, ಎರಡು ಮೆಟ್ರೋ ಮಾರ್ಗಗಳು ಒಂದರ ಮೇಲೊಂದು ಅಡ್ಡಡ್ಡ ಹಾದು ಹೋಗುತ್ತವೆ. ಮೇಲಿನದು ಪೂರ್ವ ಪಶ್ಚಿಮದ ನೇರಳೆ, ಅದರ ಕೆಳಗೆ ಉತ್ತರ ದಕ್ಷಿಣದ ಹಸಿರು.

ಕೆರೆ ಇದ್ದ ಕಡೆ ನಿಲ್ದಾಣ ಕಟ್ಟಿದರೆ ಏನು ತೊಂದರೆ? ನೀರು ಒಸರುತ್ತದೆ, ಅದು ಗೊತ್ತಿರುವ ವಿಷಯ. ಗೊತ್ತಿಲ್ಲದ ಇನ್ನೊಂದಿದೆ. ಖಾಲಿ ಕೊಡವನ್ನು ಬಾವಿ ನೀರಿನಲ್ಲಿ ಒತ್ತಿ ನೋಡಿ. ಕೈ ಬಿಟ್ಟರೆ ಅದು ಪುಟಕ್ಕನೆ ಮೇಲೆ ಬರುತ್ತದೆ. ನೆಲದಡಿಯ ನಿಲ್ದಾಣ ಅಂದರೆ ಅಂಥದ್ದೇ ಒಂದು ದೊಡ್ಡ ಖಾಲಿ ಪೆಟ್ಟಿಗೆ. ಸುತ್ತ ಮಣ್ಣಿನಲ್ಲಿ ಅಂತರ್ಜಲ ಏರಿದಾಗ ಆ ನೀರು ಪೆಟ್ಟಿಗೆಯನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಇಡೀ ಕಟ್ಟಡವೇ ತೇಲಲು ನೋಡುತ್ತದೆ. ಅದಕ್ಕೇ ತಳದ ಕಾಂಕ್ರೀಟನ್ನು ಅಷ್ಟು ದಪ್ಪಗೆ ಹಾಕುವುದು, ಬೇಕಾದ ಕಡೆ ತಳವನ್ನು ಬಂಡೆಗೆ ಸರಳು ಇಳಿಸಿ ಬಿಗಿಯುವುದು, ಮೇಲೆ ಮತ್ತೆ ಮಣ್ಣು ತುಂಬಿ ಭಾರ ಹೇರುವುದು. ಮಹಡಿ ಮನೆ ಕಟ್ಟುವವರ ಚಿಂತೆ ಕಟ್ಟಡ ಕುಸಿಯಬಾರದು ಅಂತ. ಇವರಿಗೆ ಕುಸಿಯಲೂಬಾರದು, ಏಳಲೂಬಾರದು.

ಕಟ್ಟುವ ಕ್ರಮವೂ ತಲೆಕೆಳಗು. ಸುರಂಗವನ್ನು ಯಂತ್ರ ಕೊರೆಯುತ್ತದೆ, ಸರಿ. ಆದರೆ ನಿಲ್ದಾಣವನ್ನು ಸಾಮಾನ್ಯವಾಗಿ ಯಂತ್ರ ಕೊರೆಯುವುದಿಲ್ಲ, ಅದನ್ನು ಮೇಲಿನಿಂದ ಅಗೆದೇ ಕಟ್ಟಬೇಕು. ಸುತ್ತಲೂ ಮೊದಲು ಆಳದ ಗೋಡೆ ಇಳಿಸಿ, ಒಳಗಿನ ಮಣ್ಣು ತೆಗೆಯುತ್ತಾರೆ. ಕೆಲವು ಕಡೆ ಪೂರ್ತಿ ಅಗೆದು ತಳದಿಂದ ಮೇಲಕ್ಕೆ ಕಟ್ಟುತ್ತಾರೆ, ಇನ್ನು ಕೆಲವು ಕಡೆ ಮೊದಲು ಸೂರು ಹಾಕಿ, ಸೂರಿನ ಕೆಳಗೆ ಅಗೆಯುತ್ತಾ ಒಂದೊಂದೇ ಮಹಡಿ ಇಳಿಯುತ್ತಾರೆ. ಎರಡನೆಯದರ ಲಾಭ ಏನಪ್ಪಾ ಅಂದ್ರೆ, ಸೂರು ಬಿದ್ದ ಮೇಲೆ ರಸ್ತೆಯನ್ನು ಬೇಗ ಬಿಟ್ಟುಕೊಡಬಹುದು. ನಮ್ಮ ಆರು ಬೋಗಿಯ ರೈಲೇ ಸುಮಾರು 130 ಮೀಟರ್ ಉದ್ದ. ಅದರ ಹಿಂದೆ ಮುಂದೆ ಫ್ಯಾನು, ಪಂಪು, ವಿದ್ಯುತ್ ಕೋಣೆ, ಎಸಿ ಯಂತ್ರ. ಹಾಗಾಗಿ ಗುಂಡಿ ರೈಲಿಗಿಂತ ತುಂಬಾ ಉದ್ದವೇ ಆಗುತ್ತದೆ. ಊರಿನ ನಡುಮಧ್ಯೆ ಅಷ್ಟು ಉದ್ದದ ಗುಂಡಿ ತೆಗೆದು ವರ್ಷಗಟ್ಟಲೆ ತೆರೆದಿಡಬೇಕು ಅಂದರೆ ಸುಮ್ನೆ ಮಾತಲ್ಲ.

ಇದಕ್ಕೆ ಬೆಂಗಳೂರಿನಲ್ಲಿ ಕಣ್ಣೆದುರಿನ ಉದಾಹರಣೆ ಕಾಮರಾಜ ರಸ್ತೆ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗದ ಎಂ.ಜಿ. ರಸ್ತೆ ನಿಲ್ದಾಣಕ್ಕಾಗಿ 2019ರ ಜೂನ್‌ನಲ್ಲಿ ಅದನ್ನು ಮುಚ್ಚಿದರು. ಒಂದು ಬದಿ ಮತ್ತೆ ಸಂಚಾರಕ್ಕೆ ತೆರೆದದ್ದು 2024ರಲ್ಲಿ. ಐದು ವರ್ಷ! ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು ರಸ್ತೆ ತೆರೆಯುವ ಹೊತ್ತಿಗೆ ಹೈಸ್ಕೂಲಿನ ಹತ್ತಿರ ಬಂದಿತ್ತು. ನಿಲ್ದಾಣದ ಖರ್ಚು ಅಂತ ಲೆಕ್ಕ ಹಾಕುವಾಗ ಕಾಂಕ್ರೀಟು ಕಬ್ಬಿಣದ್ದು ಮಾತ್ರ ಬರುತ್ತದೆ, ಐದು ವರ್ಷ ಸುತ್ತಿ ಬಳಸಿ ಓಡಾಡಿದ ಪೆಟ್ರೋಲು, ತಗಡಿನ ಬೇಲಿಯ ಹಿಂದೆ ವ್ಯಾಪಾರ ಕಳಕೊಂಡ ಅಂಗಡಿ, ಇದು ಯಾವ ಪುಸ್ತಕದಲ್ಲೂ ಇಲ್ಲ.

ಬರೆದ ಖರ್ಚೇ ಕಡಿಮೆಯೇನಲ್ಲ ಬಿಡಿ. ಕಂಬದ ಮೇಲೆ ಹೋಗುವ ಮಾರ್ಗಕ್ಕಿಂತ ನೆಲದಡಿಯ ಮಾರ್ಗಕ್ಕೆ ಎರಡು ಮೂರು ಪಟ್ಟು ದುಡ್ಡು ಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಮುಂಬೈಯ ಮೂರನೇ ಮಾರ್ಗ ಹೆಚ್ಚುಕಮ್ಮಿ ಪೂರ್ತಿ ನೆಲದಡಿ, 33.5 ಕಿಮೀ, 27 ನಿಲ್ದಾಣಗಳಲ್ಲಿ 26 ಭೂಮಿಯೊಳಗೆ. ಅದಕ್ಕಾದದ್ದು 37,276 ಕೋಟಿ ರೂಪಾಯಿ. ಅಂದರೆ ಕಿಲೋಮೀಟರಿಗೆ 1,100 ಕೋಟಿಯ ಮೇಲೆ. ಬೆಂಗಳೂರಿನ ಎರಡನೇ ಹಂತಕ್ಕೆ 2014ರಲ್ಲಿ ಒಪ್ಪಿಗೆ ಸಿಕ್ಕಾಗ 72 ಕಿಮೀಗೆ ಅಂದಾಜು 26,405 ಕೋಟಿ, ಅದರಲ್ಲಿ ಹೆಚ್ಚಿನದು ಕಂಬದ ಮೇಲೆ. ಆ ಅಂದಾಜು ಆಮೇಲೆ ಎಲ್ಲಿಗೆ ಏರಿತು ಅನ್ನುವುದು ಬೇರೆ ಕಥೆ. ಎರಡೂ ಬೇರೆ ಬೇರೆ ಕಾಲದ ಲೆಕ್ಕ, ನೇರ ಹೋಲಿಸಬಾರದು, ಆದರೂ ಅಂತರ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಹಾಗಿದ್ದರೆ ಎಲ್ಲವನ್ನೂ ಕಂಬದ ಮೇಲೇ ಒಯ್ಯಬಹುದಿತ್ತಲ್ಲ? ಚಿಕ್ಕಪೇಟೆಗೆ ಒಮ್ಮೆ ಹೋಗಿ ಬನ್ನಿ. ಸೀರೆ ಅಂಗಡಿ ಮುಂದೆ ಎರಡು ಸ್ಕೂಟರ್ ನಿಂತರೆ ಮೂರನೆಯದು ದಾಟಲಾಗದ ಓಣಿಯಲ್ಲಿ ಕಂಬ ಎಲ್ಲಿ ಊರುತ್ತೀರಿ? ಪೇಟೆ ಇರುವ ಕಡೆ ಮೇಲೆ ಜಾಗ ಇಲ್ಲ, ಹಾಗಾಗಿ ಕೆಳಗೆ ಹೋಗಲೇಬೇಕು. ಮೊದಲ ಹಂತದ 42.3 ಕಿಮೀಯಲ್ಲಿ 8.8 ಕಿಮೀ ನೆಲದಡಿ, ಏಳು ನಿಲ್ದಾಣ. ಕಬ್ಬನ್ ಪಾರ್ಕಿನಿಂದ ಸಿಟಿ ರೈಲ್ವೆ ನಿಲ್ದಾಣದವರೆಗಿನ ಭಾಗ 2016ರ ಏಪ್ರಿಲ್ ಕೊನೆಗೆ ಶುರುವಾಯಿತು, ದಕ್ಷಿಣ ಭಾರತದ ಮೊದಲ ಸುರಂಗ ಮೆಟ್ರೋ ಅದು. ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ಟಿನ ಭಾಗ ಬಂದದ್ದು 2017ರ ಜೂನ್‌ನಲ್ಲಿ. ಮಾರ್ಕೆಟ್ಟಿನ ಹತ್ತಿರ ಅಗೆಯುವಾಗ 2012ರಲ್ಲಿ ಎರಡು ಹಳೇ ಕಬ್ಬಿಣದ ಫಿರಂಗಿ ಸಿಕ್ಕವು. ಕೋಟೆಯ ಪಕ್ಕದಲ್ಲಿ ಅಗೆದರೆ ಇನ್ನೇನು ಸಿಗುತ್ತದೆ ಹೇಳಿ.

ಸುರಂಗದ ಕಷ್ಟ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನ ನೆಲ ಮಹಾ ಕಿರಿಕಿರಿಯದ್ದು. ಪೂರ್ತಿ ಬಂಡೆ ಇದ್ದರೆ ಒಂದು ರೀತಿಯ ಹಲ್ಲು ಹಾಕಿ ಕೊರೆಯಬಹುದು, ಪೂರ್ತಿ ಮಣ್ಣಾದರೆ ಇನ್ನೊಂದು. ಇಲ್ಲಿ ಯಂತ್ರದ ಮುಖದ ಮೇಲರ್ಧಕ್ಕೆ ಕೆಮ್ಮಣ್ಣು ಸಿಕ್ಕರೆ ಕೆಳಗಿನ ಅರ್ಧಕ್ಕೆ ಕರೀ ಬಂಡೆ ಸಿಗುತ್ತದೆ, ನಡುವೆ ಗುಂಡುಕಲ್ಲು. ಮೇಲಿಂದ ಯಾರೋ ಯಾವತ್ತೋ ತೋಡಿ ಮುಚ್ಚಿದ ಬಾವಿ, ಕೊರೆದು ಮರೆತ ಬೋರ್‌ವೆಲ್. ನಕ್ಷೆಯಲ್ಲಿ ಇವು ಯಾವುವೂ ಇರುವುದಿಲ್ಲ. ಹಸಿರು ಮಾರ್ಗದಲ್ಲಿ ಗೋದಾವರಿ ಅನ್ನುವ ಯಂತ್ರ ಪೇಟೆಯ ಕೆಳಗೆ ಕೆಟ್ಟು ನಿಂತು ತಿಂಗಳುಗಟ್ಟಲೆ ಕಾಯಿಸಿತ್ತು. ಗುಲಾಬಿ ಮಾರ್ಗದಲ್ಲಿ ಒಂಬತ್ತು ಯಂತ್ರ ಇಳಿಸಿದರು, ಊರ್ಜಾ, ವಿಂಧ್ಯ, ಅವನಿ, ಲವಿ, ತುಂಗಾ, ಭದ್ರಾ ಅಂತೆಲ್ಲ ಹೆಸರು. 2020ರಲ್ಲಿ ಶುರುವಾದ ಕೆಲಸ, ಹೋಗುವ ಬರುವ ಎರಡೂ ಕೊಳವೆ ಸೇರಿ ಸುಮಾರು 21 ಕಿಮೀ ಕೊರೆತ, 2024ರ ಅಕ್ಟೋಬರ್ ಕೊನೆಗೆ ಭದ್ರಾ ನಾಗವಾರದಲ್ಲಿ ಹೊರಬಂದಾಗ ಮುಗಿಯಿತು. ನಡುವೆ 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆಯಲ್ಲಿ ರಸ್ತೆ ಕುಸಿದು ಗುಂಡಿ ಬಿತ್ತು. ಕೋಲ್ಕತ್ತಾಗೆ ಹೋಲಿಸಿದರೆ ನಾವು ಪುಣ್ಯವಂತರೇ. ಅಲ್ಲಿ 2019ರ ಆಗಸ್ಟ್ ಕೊನೆಗೆ ಬೌಬಜಾರಿನ ಕೆಳಗೆ ಯಂತ್ರ ಅಂತರ್ಜಲದ ಪದರಕ್ಕೆ ತಾಗಿ, ಮೇಲಿದ್ದ ಮನೆಗಳು ಬಿರುಕು ಬಿಟ್ಟವು, ಕೆಲವು ಬಿದ್ದೇ ಹೋದವು.

ಆದರೂ ಗಮನಿಸಿ. ಸುರಂಗ ಮುಗಿದ ಮೇಲೆ ಅದು ಮುಗಿಯಿತು. ಅದನ್ನು ಮತ್ತೆ ಯಾರೂ ನೋಡುವುದಿಲ್ಲ. ದಿನಾ ನೋಡುವುದು, ದಿನಾ ಬೈದುಕೊಳ್ಳುವುದು ದ್ವಾರಗಳನ್ನ.

ಮೊದಲು ನೀರಿನ ವಿಷಯಕ್ಕೆ ಬರೋಣ. ನೆಲದಡಿಯ ನಿಲ್ದಾಣಕ್ಕೆ ಇಳಿಯುವ ಮುಂಚೆ ಒಂದು ಚಿಕ್ಕ ವಿಚಿತ್ರ ನಡೆಯುತ್ತದೆ, ನೀವು ಗಮನಿಸಿರಬಹುದು. ಕೆಳಗೆ ಹೋಗಬೇಕಾದವರು ಮೊದಲು ಎರಡು ಮೂರು ಮೆಟ್ಟಿಲು ಮೇಲೆ ಹತ್ತುತ್ತೇವೆ. ಯಾಕಪ್ಪಾ ಇದು ಅಂತ ಮಂಡಿ ನೋವಿರುವವರು ಗೊಣಗುತ್ತಾರೆ. ಆ ಮೂರು ಮೆಟ್ಟಿಲೇ ಕೆರೆಯ ಏರಿ ಇದ್ದ ಹಾಗೆ. ರಸ್ತೆಯಲ್ಲಿ ನೀರು ನಿಂತಾಗ ಅದು ಒಳಗೆ ಉಕ್ಕದಂತೆ ಬಾಯಿಯ ತುಟಿಯನ್ನು ಎತ್ತರಿಸಿರುತ್ತಾರೆ. ಎಷ್ಟು ಎತ್ತರ ಅನ್ನುವುದು ಆ ಜಾಗದಲ್ಲಿ ಹಿಂದೆ ಎಷ್ಟು ನೀರು ನಿಂತಿತ್ತು ಅನ್ನುವ ಲೆಕ್ಕದ ಮೇಲೆ. ಎತ್ತರ ಜಾಸ್ತಿ ಮಾಡಿದರೆ ಗಾಲಿಕುರ್ಚಿಯವರಿಗೆ ಕಷ್ಟ, ಇಳಿಜಾರು ಉದ್ದ ಬೇಕು, ಅದಕ್ಕೆ ಮತ್ತಷ್ಟು ಜಾಗ ಬೇಕು. ಕಡಿಮೆ ಮಾಡಿದರೆ ಒಂದೇ ಒಂದು ದೊಡ್ಡ ಮಳೆ ಸಾಕು.

ಮುಂಬೈಯ ಆಚಾರ್ಯ ಅತ್ರೆ ಚೌಕ ನಿಲ್ದಾಣದಲ್ಲಿ ಆದದ್ದು ಇದನ್ನೇ ತೋರಿಸಿತು. 2025ರ ಮೇ ತಿಂಗಳಲ್ಲಿ, ಹೊಸದಾಗಿ ಅಲ್ಲಿಯವರೆಗೆ ರೈಲು ಶುರುವಾಗಿ ಮೂರು ವಾರವೂ ಆಗಿರಲಿಲ್ಲ. 26ನೇ ತಾರೀಖು ಮುಂಗಾರು ಅಬ್ಬರಿಸಿ ಬಂತು. ಚಾವಣಿಯಿಂದ ನೀರು ಸುರಿಯಿತು, ಮೆಟ್ಟಿಲ ಮೇಲೆ ಹರಿಯಿತು, ಪ್ಲಾಟ್‌ಫಾರ್ಮ್ ಕೆಸರಾಯಿತು, ರೈಲನ್ನು ವರ್ಲಿಗೇ ನಿಲ್ಲಿಸಬೇಕಾಯಿತು. ವಿಡಿಯೋ ನೋಡಿದವರೆಲ್ಲ ಸುರಂಗ ಸೋರಿತು ಅಂದುಕೊಂಡರು. ಆದದ್ದು ಅದಲ್ಲ. ಇನ್ನೂ ಕೆಲಸ ಮುಗಿಯದ ಒಂದು ದ್ವಾರದ ಬಳಿ ನೀರು ತಡೆಯಲು ಕಟ್ಟಿದ್ದ ಗೋಡೆ ಕುಸಿದು, ಅಲ್ಲಿಂದ ನುಗ್ಗಿತು. ಸುರಂಗ ಗಟ್ಟಿಯಾಗೇ ಇತ್ತು, ತೆರೆದ ಬಾಯಿಯೊಂದು ಮೋಸ ಮಾಡಿತು. ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ದ್ವಾರದ ಕೆಲಸ ಬಾಕಿ ಇರುವಾಗ ಮಳೆಗಾಲದ ಹೊಸ್ತಿಲಲ್ಲಿ ರೈಲು ಬಿಡುವ ಅವಸರ ಯಾಕೆ? ಮುಂಗಾರು ಆ ಸಲ ಬೇಗ ಬಂತು ಅಂದರೆ ಅದು ನಿಜವೇ, ಆದರೆ ಮಳೆ ಪಂಚಾಂಗ ನೋಡಿಕೊಂಡು ಬರುತ್ತದೆ ಅಂತ ಮುಂಬೈಯಲ್ಲಿ ಯಾರಾದರೂ ನಂಬುತ್ತಾರಾ?

ಚೀನಾದ ಝೆಂಗ್‌ಝೌನಲ್ಲಿ 2021ರ ಜುಲೈ 20ರಂದು ಆದದ್ದಂತೂ ನೆನೆಯಲೂ ಭಯ. ಅಲ್ಲಿಯ ಐದನೇ ಮಾರ್ಗದ ಸುರಂಗಕ್ಕೆ ಪ್ರವಾಹದ ನೀರು ನುಗ್ಗಿ, ಬೋಗಿಯೊಳಗೆ ಸಿಕ್ಕಿಕೊಂಡವರಲ್ಲಿ 14 ಮಂದಿ ಸತ್ತರು. ನೆಲದಡಿಗೆ ಹೊಕ್ಕ ನೀರಿಗೆ ಹೊರಗೆ ಹೋಗುವ ದಾರಿ ತಾನಾಗಿ ಸಿಗುವುದಿಲ್ಲ. ಪಂಪು ಎತ್ತಬೇಕು, ಪಂಪಿಗೆ ಕರೆಂಟು ಬೇಕು. ನಮ್ಮ ಮೆಟ್ರೋದಲ್ಲಿ ರೈಲಿಗೆ ವಿದ್ಯುತ್ ಬರುವುದು ತಲೆಯ ಮೇಲಿನ ತಂತಿಯಿಂದಲ್ಲ, ಹಳಿಯ ಪಕ್ಕದಲ್ಲೇ ಹಾಕಿದ ಮೂರನೇ ಹಳಿಯಿಂದ, 750 ವೋಲ್ಟ್. ಹಾಗಾಗಿ ಹಳಿಯ ಮೇಲೆ ನೀರು ಏರಿದರೆ ಮೊದಲು ನಿಲ್ಲುವುದು ರೈಲು. ಕೆರೆಯಂಗಳದಲ್ಲಿ ನಿಲ್ದಾಣ ಇಟ್ಟುಕೊಂಡ ಊರು ಇದನ್ನು ಮರೆಯೋ ಹಾಗಿಲ್ಲ. ಹಳೇ ಕೆರೆಗೆ ನೀರು ಎಲ್ಲಿಂದ ಹರಿದು ಬರುತ್ತಿತ್ತೋ ಇವತ್ತಿನ ಮಳೆ ನೀರಿಗೂ ಅದೇ ದಾರಿ ನೆನಪಿರುತ್ತದೆ.

ಇನ್ನು ಜಾಗದ ಜಗಳ. ಸುರಂಗ ಯಾರ ಮನೆಯ ಕೆಳಗೆ ಹೋದರೂ ಮನೆ ಬಿಡಬೇಕಾಗುವುದು ಕಡಿಮೆ. ಬಾಯಿಗೆ ಮಾತ್ರ ನೆಲದ ಮೇಲೆ ಜಾಗ ಬೇಕೇ ಬೇಕು, ಅದೂ ರಸ್ತೆಗೆ ಹತ್ತಿರ, ಅಂದರೆ ಊರಿನ ಅತಿ ತುಟ್ಟಿ ಜಾಗ. ವೆಲ್ಲಾರ ಜಂಕ್ಷನ್ ಬಳಿಯ ಆಲ್ ಸೇಂಟ್ಸ್ ಚರ್ಚಿನದ್ದು ಗೊತ್ತಿರಬಹುದು. ನೂರೈವತ್ತು ವರ್ಷ ಹಳೆಯ ಚರ್ಚು, ಸುತ್ತ ದೊಡ್ಡ ಮರಗಳು. ನಿಲ್ದಾಣಕ್ಕೆ ಅಲ್ಲಿಯ ಜಾಗ ಬೇಕು ಅಂದಾಗ ಜನ ಬೀದಿಗಿಳಿದರು. ಗುಲಾಬಿ ಮಾರ್ಗಕ್ಕೆ ಸಾಲ ಕೊಟ್ಟವರಲ್ಲಿ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಇತ್ತು, 50 ಕೋಟಿ ಯೂರೋ ಸಾಲ. ದೂರು ಸೀದಾ ಆ ಬ್ಯಾಂಕಿನವರೆಗೆ ಹೋಯಿತು. ಬೆಂಗಳೂರಿನ ಒಂದು ಚರ್ಚಿನ ಮರಗಳ ವಿಚಾರ ಲಕ್ಸೆಂಬರ್ಗ್‌ನ ಕಡತಕ್ಕೆ ಸೇರಿತು ಅಂದರೆ ಆಶ್ಚರ್ಯ ಅಲ್ವಾ? ಆಮೇಲೆ ವಿನ್ಯಾಸ ಬದಲಿಸಿ ಚರ್ಚಿನ ಜಾಗ ಬಳಸುವುದನ್ನು ಕಡಿಮೆ ಮಾಡಿದರು. ನನ್ನ ಅಭಿಪ್ರಾಯ ಕೇಳಿದರೆ, ಪ್ರತಿಭಟಿಸಿದವರು ಅಭಿವೃದ್ಧಿಗೆ ಅಡ್ಡ ಬಂದರು ಅನ್ನುವುದು ಸುಳ್ಳು. ಅವರು ಕೇಳಿದ್ದು ನಿಲ್ದಾಣ ಬೇಡ ಅಂತಲ್ಲ, ಬಾಯಿಯನ್ನು ಸ್ವಲ್ಪ ಸರಿಸಿ ಅಂತ. ಆಗುವುದಿಲ್ಲ ಅಂದದ್ದು ಒತ್ತಡ ಬಂದ ಮೇಲೆ ಆಯಿತಲ್ಲ.

ಸರಿಸುವುದರಲ್ಲೂ ಎರಡು ಥರ ಇದೆ. ದಂಡು ರೈಲ್ವೆ ನಿಲ್ದಾಣದ, ಅಂದರೆ ಕಂಟೋನ್ಮೆಂಟಿನ ಕಥೆ ಇನ್ನೊಂದು ಥರದ್ದು. ಮೂಲ ಯೋಜನೆಯಲ್ಲಿ ಮೆಟ್ರೋ ನಿಲ್ದಾಣ ಇದ್ದದ್ದು ರೈಲ್ವೆ ನಿಲ್ದಾಣದ ಅಂಗಳದ ಕೆಳಗೇ. ಆಮೇಲೆ ಅದನ್ನು ಆಚೆಯ ಬಂಬೂ ಬಜಾರಿನ ಮೈದಾನದ ಕಡೆಗೆ ಸರಿಸಿದರು. ಖರ್ಚು ಉಳಿಯುತ್ತದೆ, ಕಟ್ಟುವುದು ಸುಲಭ ಅನ್ನುವುದು ಮೆಟ್ರೋದವರ ವಾದ. ರೈಲು ಇಳಿದವರು ಹೇಗೆ ಬರಬೇಕು ಅನ್ನುವುದು ನಾಗರಿಕರ ಪ್ರಶ್ನೆ. ಆಟದ ಮೈದಾನ ಹೋಗುತ್ತದೆ ಅನ್ನುವುದು ಅಲ್ಲಿಯ ಮಕ್ಕಳ ಅಳಲು. ನಕ್ಷೆಯಲ್ಲಿ ನೋಡಿದರೆ ಎರಡೂ ನಿಲ್ದಾಣ ಅಕ್ಕಪಕ್ಕ. ಕೈಯಲ್ಲಿ ಸೂಟ್‌ಕೇಸು, ಕಂಕುಳಲ್ಲಿ ಮಗು ಇದ್ದಾಗ ಅದೇ ಅಂತರ ಬೇರೆಯೇ ಅಳತೆ. ಮುಂದೆ ಉಪನಗರ ರೈಲೂ ಅಲ್ಲಿಗೇ ಬರಬೇಕು. ಮೂರು ಥರದ ರೈಲು ಸೇರುವ ಜಾಗದಲ್ಲಿ ಬಾಯಿಯನ್ನು ದೂರ ಇಟ್ಟರೆ, ಉಳಿಸಿದ ಕೋಟಿಗಳ ಬಡ್ಡಿಯನ್ನು ಪ್ರಯಾಣಿಕರು ದಿನಾ ಕಾಲಿನಲ್ಲಿ ಕಟ್ಟುತ್ತಾರೆ.

ಈಗ ಮತ್ತೆ ಮೆಜೆಸ್ಟಿಕ್. 2017ರಿಂದ 2025ರ ಆಗಸ್ಟ್‌ವರೆಗೆ ಇಡೀ ನಮ್ಮ ಮೆಟ್ರೋಗೆ ಮಾರ್ಗ ಬದಲಿಸುವ ಜಾಗ ಅಂತ ಇದ್ದದ್ದು ಇದೊಂದೇ. ನಾಲ್ಕು ದಿಕ್ಕಿನಿಂದ ಜನ ಬರುತ್ತಾರೆ, ಪ್ರತಿ ದಿಕ್ಕಿನವರು ಇನ್ನೊಂದು ಮಾರ್ಗದ ಎರಡು ದಿಕ್ಕಿಗೆ ಹೋಗಬಹುದು. ಒಟ್ಟು ಎಂಟು ಥರದ ಓಡಾಟ, ಎಲ್ಲ ಅದೇ ಮೆಟ್ಟಿಲ ಮೇಲೆ. ಅದು ತೆರೆದಾಗ ಜಾಲ ಇದ್ದದ್ದು 42.3 ಕಿಮೀ. 2023ರ ಅಕ್ಟೋಬರ್‌ನಲ್ಲಿ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ನೇರಳೆ ಪೂರ್ತಿಯಾಯಿತು. 2024ರ ನವೆಂಬರ್‌ನಲ್ಲಿ ಹಸಿರು ಮಾದಾವರ ಮುಟ್ಟಿತು. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಬಂತು, ಜಾಲ 96 ಕಿಮೀ ಆಯಿತು, ಮಾರನೇ ದಿನವೇ 10.48 ಲಕ್ಷ ಪ್ರಯಾಣಿಕರ ದಾಖಲೆ. ಹಳದಿ ಬಂದರೆ ಮೆಜೆಸ್ಟಿಕ್ ಹಗುರಾಗುತ್ತದೆ ಅಂತ ಅಂದುಕೊಂಡವರಿದ್ದರು. ಆಗುವುದಾದರೂ ಹೇಗೆ? ಬೊಮ್ಮಸಂದ್ರದಿಂದ ಬಂದವರು ಆರ್.ವಿ. ರಸ್ತೆಯಲ್ಲಿ ಹಸಿರಿಗೆ ಹತ್ತುತ್ತಾರೆ, ಎಂ.ಜಿ. ರಸ್ತೆಗೋ ವಿಧಾನಸೌಧಕ್ಕೋ ಹೋಗಬೇಕಾದರೆ ಮತ್ತೆ ಇಳಿಯುವುದು ಮೆಜೆಸ್ಟಿಕ್ಕಿನಲ್ಲೇ. ಜಾಲ ಬೆಳೆದಿದೆ, ಮೆಟ್ಟಿಲ ಅಗಲ ಅಷ್ಟೇ ಇದೆ.

ಮೆಟ್ಟಿಲ ಅಗಲ ಸುಮ್ನೆ ಊಹಿಸಿ ಇಟ್ಟದ್ದಲ್ಲ ಅನ್ನುವುದನ್ನೂ ಹೇಳಬೇಕು. ಜಗತ್ತಿನ ಬಹಳಷ್ಟು ಮೆಟ್ರೋಗಳು ನೋಡುವ ಎನ್‌ಎಫ್‌ಪಿಎ 130 ಅನ್ನುವ ಬೆಂಕಿ ಸುರಕ್ಷತೆಯ ನಿಯಮವಿದೆ. ಅದರ ಪ್ರಕಾರ ಪ್ಲಾಟ್‌ಫಾರ್ಮಿನಲ್ಲಿ ಇರುವವರೆಲ್ಲ ನಾಲ್ಕು ನಿಮಿಷದೊಳಗೆ ಅಲ್ಲಿಂದ ಹೊರಡಬೇಕು, ಆರು ನಿಮಿಷದೊಳಗೆ ಸುರಕ್ಷಿತ ಜಾಗ ಸೇರಬೇಕು. ಹೊಗೆ ಬಂದರೆ ಒಂದು ಕಡೆಯ ಫ್ಯಾನು ತಾಜಾ ಗಾಳಿ ಊದುತ್ತದೆ, ಇನ್ನೊಂದು ಕಡೆಯದು ಹೊಗೆ ಎಳೆಯುತ್ತದೆ, ಜನ ಗಾಳಿ ಬರುವ ಕಡೆಗೆ ನಡೆಯಬೇಕು. 2003ರಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ಬೆಂಕಿ ಬಿದ್ದ ನಿಲ್ದಾಣಕ್ಕೆ ಎದುರಿನಿಂದ ಇನ್ನೊಂದು ರೈಲು ಬಂದು ನಿಂತು, 192 ಜನ ಹೋದರು. ಆಮೇಲೆ ಈ ವಿಷಯದಲ್ಲಿ ಎಲ್ಲ ಕಡೆ ಕಣ್ಣು ತೆರೆಯಿತು. ಆರು ನಿಮಿಷದ ಲೆಕ್ಕ ನಿಂತಿರುವುದು ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ. ಹಾಗಾಗಿ ಒಂದೇ ಬದಲಿ ನಿಲ್ದಾಣಕ್ಕೆ ಊರೆಲ್ಲಾ ಬಂದು ಸುರಿಯುವುದು ಬರೀ ನೂಕುನುಗ್ಗಲಿನ ಪ್ರಶ್ನೆ ಅಲ್ಲ.

ಗುಲಾಬಿ ಮಾರ್ಗದ ಮೇಲೆ ನನಗೆ ಆಸೆ ಇರುವುದು ಇದಕ್ಕೇ. ಕಾಳೇನ ಅಗ್ರಹಾರದಿಂದ ನಾಗವಾರದವರೆಗೆ 21 ಕಿಮೀ ಚಿಲ್ಲರೆ, ಅದರಲ್ಲಿ ಡೇರಿ ಸರ್ಕಲ್ಲಿನಿಂದ ಆಚೆಗೆ 13.76 ಕಿಮೀ ನೆಲದಡಿ, 12 ನಿಲ್ದಾಣ. ಹಳದಿಯವರು ಜಯದೇವದಲ್ಲಿ ಗುಲಾಬಿಗೆ ಹತ್ತಿ ಎಂ.ಜಿ. ರಸ್ತೆಯಲ್ಲಿ ನೇರಳೆ ಹಿಡಿಯಬಹುದು, ಮೆಜೆಸ್ಟಿಕ್ಕಿನ ಮುಖ ನೋಡಬೇಕಾಗಿಲ್ಲ. ನೆಲದಡಿಯ ನಿಲ್ದಾಣಗಳಲ್ಲಿ ಪ್ಲಾಟ್‌ಫಾರ್ಮಿನ ಅಂಚಿಗೆ ಗಾಜಿನ ಬಾಗಿಲು ಇರುತ್ತದೆ, ರೈಲು ಬಂದು ನಿಂತ ಮೇಲೆಯೇ ತೆರೆಯುತ್ತದೆ. ಹಳಿಗೆ ಬೀಳುವ ಭಯ ಇಲ್ಲ, ಎಸಿ ತಂಪು ಸುರಂಗಕ್ಕೆ ಸೋರುವುದಿಲ್ಲ. ತಾತನಿಗೆ ಮಾತ್ರ ಗಾಳಿ ನೋಡಿ ರೈಲು ಹೇಳುವ ಆಟ ತಪ್ಪುತ್ತದೆ.

ಆದರೆ ಎಂ.ಜಿ. ರಸ್ತೆಯಲ್ಲೇ ಒಂದು ತೊಡಕಿದೆ. ನೇರಳೆ ನಿಲ್ದಾಣ ರಸ್ತೆಯ ಮೇಲೆ, ಗುಲಾಬಿ ನಿಲ್ದಾಣ ಕಾಮರಾಜ ರಸ್ತೆಯ ಕೆಳಗೆ. ಮಾರ್ಗ ಬದಲಿಸುವವರು ಪಾತಾಳದಿಂದ ಮಹಡಿಗೆ ಹತ್ತಬೇಕು. ನಾಗವಾರದಲ್ಲೂ ಹಾಗೇ, ವಿಮಾನ ನಿಲ್ದಾಣದ ನೀಲಿ ಮಾರ್ಗ ಅಲ್ಲಿ ಕಂಬದ ಮೇಲೆ ಬರುತ್ತದೆ. ಇಂಥ ಕಡೆ ಎಲ್ಲವೂ ನಿಂತಿರುವುದು ಎಸ್ಕಲೇಟರು, ಲಿಫ್ಟಿನ ಮೇಲೆ. ಕಳೆದ ಬೇಸಿಗೆಯಲ್ಲಿ ಅಮ್ಮನನ್ನು ಕರೆದುಕೊಂಡು ಒಂದು ನಿಲ್ದಾಣದಲ್ಲಿ ಇಳಿದಿದ್ದೆ. ಲಿಫ್ಟಿನ ಮುಂದೆ ಹಳದಿ ಬೋರ್ಡು, ದುರಸ್ತಿಯಲ್ಲಿದೆ ಅಂತ. ಇನ್ನೊಂದು ಲಿಫ್ಟ್ ಎಲ್ಲಿದೆ ಅಂತ ಬೋರ್ಡಿನಲ್ಲಿ ಬರೆದಿರಲಿಲ್ಲ. ಅಲ್ಲಿದ್ದ ಸಿಬ್ಬಂದಿ ಹುಡುಗಿ ಪಾಪ ಒಳ್ಳೆಯವಳು, "ಆ ಕಡೆ ಗೇಟಿಗೆ ಹೋಗಿ ಆಂಟಿ, ಅಲ್ಲಿ ವರ್ಕ್ ಆಗ್ತಿದೆ" ಅಂದಳು. ಆ ಕಡೆ ಗೇಟಿನಿಂದ ಹೊರಬಂದರೆ ನಾವಿದ್ದದ್ದು ರಸ್ತೆಯ ತಪ್ಪು ಬದಿಯಲ್ಲಿ, ದಾಟಲು ಸಿಗ್ನಲ್ಲೂ ಇಲ್ಲ. ಅಮ್ಮ ಅರ್ಧ ರಸ್ತೆಯಲ್ಲಿ ನಿಂತು, "ಇದಕ್ಕಿಂತ ಬಸ್ಸೇ ವಾಸಿ ಕಣೋ, ಮನೆ ಮುಂದೆ ಇಳಿಸ್ತಿತ್ತು" ಅಂದರು. ಒಂದು ಕೆಟ್ಟ ಲಿಫ್ಟು, ಕೋಟಿಗಟ್ಟಲೆಯ ಸುರಂಗವನ್ನು ಬಸ್ಸಿನ ಮುಂದೆ ಸೋಲಿಸಿತು.

2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ ಅಮ್ಮನ ಮಾತಿಗೆ ತೂಕ ಇನ್ನೂ ಜಾಸ್ತಿ. ಗರಿಷ್ಠ ದರ 60ರಿಂದ 90 ರೂಪಾಯಿ ಆಯಿತು. ಅಷ್ಟು ಕೊಟ್ಟವರು ಬಾಯಿಯಿಂದ ಹೊರಬಂದ ಮೇಲೂ ಆಟೋ ಹಿಡಿಯಬೇಕು ಅಂದರೆ ನಾಳೆಯಿಂದ ಸ್ಕೂಟರೇ ತೆಗೆಯುತ್ತಾರೆ.

ಗುಲಾಬಿ ಮಾರ್ಗದ ಸುರಂಗ ಭಾಗದಲ್ಲಿ ರೈಲು ಓಡುವ ದಿನ ಎಲ್ಲರೂ ಗಾಜಿನ ಬಾಗಿಲಿನ ವಿಡಿಯೋ ಹಾಕುತ್ತಾರೆ, ನಾನೂ ಹಾಕುತ್ತೇನೆ. ಅದಾದ ಮೇಲೆ ಒಂದು ಕೆಲಸ ಮಾಡಬೇಕು ಅಂತಿದ್ದೇನೆ. ಬೆಳಿಗ್ಗೆ ದಂಡಿನಲ್ಲಿ ಮೈಸೂರು ಕಡೆಯಿಂದಲೋ ಕೋಲಾರದ ಕಡೆಯಿಂದಲೋ ಬಂದ ರೈಲು ಇಳಿದವರ ಜೊತೆ, ಅಮ್ಮನನ್ನೂ ಒಂದು ಬ್ಯಾಗನ್ನೂ ಹಿಡಿದುಕೊಂಡು, ರೈಲ್ವೆ ಪ್ಲಾಟ್‌ಫಾರ್ಮಿನಿಂದ ಮೆಟ್ರೋ ಪ್ಲಾಟ್‌ಫಾರ್ಮಿನವರೆಗೆ ನಡೆದು, ಗಡಿಯಾರದಲ್ಲಿ ಎಷ್ಟು ನಿಮಿಷ ಆಯಿತು ಅಂತ ಬರೆದುಕೊಳ್ಳಬೇಕು. ಮಳೆ ಬರುತ್ತಿದ್ದರೆ ಇನ್ನೂ ಒಳ್ಳೆಯದು.